ವಾರಾನ್ನದ ಏಳು ಬಾಗಿಲು

ಸೋಮವಾರ ವಕೀಲರ ಮನೆ. ಮಂಗಳವಾರ ಹೆಡ್‌ಮಾಸ್ತರರ ಮನೆ. ಬುಧವಾರ ನಿವೃತ್ತ ಅಮಲ್ದಾರರ ಮನೆ. ಗುರುವಾರ ಮಠದಲ್ಲಿ ಊಟ. ಶುಕ್ರವಾರ, ಶನಿವಾರ ಮತ್ತೆರಡು ಮನೆ. ಭಾನುವಾರಕ್ಕೆ ಮಾತ್ರ ಇನ್ನೂ ಯಾರೂ ಸಿಕ್ಕಿಲ್ಲ.

ಇದು ನೆಂಟರಿಷ್ಟರ ಪಟ್ಟಿಯಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬಸವನಗುಡಿಯಲ್ಲೋ ಚಾಮರಾಜಪೇಟೆಯಲ್ಲೋ ಮಲ್ಲೇಶ್ವರದಲ್ಲೋ ಓದುತ್ತಿದ್ದ ಬಡ ಹುಡುಗನ ತಲೆಯಲ್ಲಿ ಇಂಥದೊಂದು ಪಟ್ಟಿ ಸದಾ ಇರುತ್ತಿತ್ತು. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು ವಿದ್ಯೆ ಕಲಿಯುವ ಈ ಏರ್ಪಾಡಿಗೆ ವಾರಾನ್ನ ಎಂದು ಹೆಸರು. 'ನಮ್ಮ ಮನೆಯಲ್ಲಿ ಯಾವಾಗಲೂ ಇಬ್ಬರು ವಾರದ ಹುಡುಗರು ಇರುತ್ತಿದ್ದರು' ಎಂದು ಹಳೆಯ ಬೆಂಗಳೂರಿಗರು ಹೆಮ್ಮೆಯಿಂದ ಹೇಳುವುದುಂಟು. 'ನಾವು ವಾರಾನ್ನ ಮಾಡಿ ಓದಿದವರಪ್ಪಾ' ಎಂದು ಹೇಳುವ ಹಿರಿಯರ ದನಿಯಲ್ಲಿ ಕೃತಜ್ಞತೆಯ ಜೊತೆಗೆ ಬೇರೇನೋ ಬೆರೆತಿರುತ್ತದೆ. ಉಣಬಡಿಸಿದವರ ನೆನಪಿಗೂ ಉಂಡವರ ನೆನಪಿಗೂ ನಡುವೆ ಇರುವ ಈ ಅಂತರವನ್ನು ಅರ್ಥಮಾಡಿಕೊಂಡರೆ, ಇಂದು ನಾವು 'ಆಹಾರ ಭದ್ರತೆ' ಎಂದು ಕರೆಯುವ ವಿಷಯದ ಮುಕ್ಕಾಲು ಭಾಗ ಅರ್ಥವಾದಂತೆ.

ಹೊಸ ಬಡಾವಣೆ, ಹೊಸ ಹಸಿವು

ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. 1898ರಲ್ಲಿ ಪ್ಲೇಗು ಬಂದು ಇಕ್ಕಟ್ಟಾದ ಹಳೆಯ ಪೇಟೆಯನ್ನು ತಲ್ಲಣಗೊಳಿಸಿದ ಮೇಲೆ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ವೇಗವಾಗಿ ಬೆಳೆದವು. ನೇರ ರಸ್ತೆ, ಗಾಳಿ ಬೆಳಕು, ಹಿತ್ತಲು, ಬಾವಿ ಇದ್ದ ಈ ಮನೆಗಳಿಗೆ ಬಂದವರಲ್ಲಿ ಸರ್ಕಾರಿ ನೌಕರರು, ವಕೀಲರು, ಉಪಾಧ್ಯಾಯರು ಹೆಚ್ಚು. ಅವರ ಹಿಂದೆಯೇ ಶಾಲೆಗಳೂ ಬಂದವು. ಚಾಮರಾಜಪೇಟೆಯಲ್ಲಿ ಸಂಸ್ಕೃತ ಕಾಲೇಜು, ಬಸವನಗುಡಿಯಲ್ಲಿ 1917ರಲ್ಲಿ ನ್ಯಾಷನಲ್ ಹೈಸ್ಕೂಲು. ಅಷ್ಟು ದೂರದಲ್ಲಿ ಸೆಂಟ್ರಲ್ ಕಾಲೇಜು.

ಹಳ್ಳಿಯಲ್ಲಿ ಕೂಲಿಮಠದ ಓದು ಮುಗಿಸಿದ ಹುಡುಗ ಮುಂದೆ ಓದಬೇಕಾದರೆ ಊರು ಬಿಡಲೇಬೇಕಿತ್ತು. ಹೀಗೆ ಬಂದವರು ಒಬ್ಬಿಬ್ಬರಲ್ಲ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯನವರು ನ್ಯಾಷನಲ್ ಹೈಸ್ಕೂಲು ಸೇರಲು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಕಾಲ್ನಡಿಗೆಯಲ್ಲೇ ಬಂದವರು. ಬಸ್ಸಿನ ಛಾರ್ಜಿಗೂ ಕಾಸಿಲ್ಲದವನು ಹೋಟೆಲಿನಲ್ಲಿ ಉಣ್ಣುವುದು ಹೇಗೆ? ಹಳ್ಳಿಯಲ್ಲಿ ಹೇಗೋ ಗಂಜಿಯೋ ಮುದ್ದೆಯೋ ಸಿಗುತ್ತಿತ್ತು. ನಗರದಲ್ಲಿ ಅಕ್ಕಿ ಮಂಡಿಗಳು ತುಂಬಿದ್ದರೂ ಕೈಯಲ್ಲಿ ದುಡ್ಡಿಲ್ಲದವನಿಗೆ ಒಂದು ತುತ್ತೂ ಇಲ್ಲ. ಈ ಹೊಸ ಬಗೆಯ ಹಸಿವಿಗೆ ಹಳೆಯ ಸಮಾಜ ಕಂಡುಕೊಂಡ ಉತ್ತರವೇ ವಾರಾನ್ನ.

ಏರ್ಪಾಡು ನಡೆಯುತ್ತಿದ್ದ ಬಗೆ

ಊರಿನ ಶ್ಯಾನುಭೋಗರಿಂದಲೋ ಜೋಯಿಸರಿಂದಲೋ ಒಂದು ಕಾಗದ ಬರೆಸಿಕೊಂಡು ಹುಡುಗ ಬರುತ್ತಿದ್ದ. ಆ ಕಾಗದ ಒಂದು ಮನೆಯ ಬಾಗಿಲು ತೆರೆಸುತ್ತಿತ್ತು. ಆ ಮನೆಯವರು 'ನಮ್ಮಲ್ಲಿ ಸೋಮವಾರ ಬಾ, ಮಂಗಳವಾರಕ್ಕೆ ಎದುರು ಮನೆಯವರನ್ನು ಕೇಳಿ ನೋಡು' ಎನ್ನುತ್ತಿದ್ದರು. ಹೀಗೆ ಒಂದು ಬಾಗಿಲು ಇನ್ನೊಂದು ಬಾಗಿಲನ್ನು ತೋರಿಸಿ, ಅದೃಷ್ಟವಿದ್ದರೆ ತಿಂಗಳೊಳಗೆ ಏಳೂ ವಾರ ತುಂಬುತ್ತಿದ್ದವು. ಮಲಗುವುದಕ್ಕೆ ಯಾವುದೋ ದೇವಸ್ಥಾನದ ಪ್ರಾಕಾರ, ಛತ್ರದ ಮೂಲೆ, ಇಲ್ಲವೇ ಯಾರದೋ ಮನೆಯ ಜಗುಲಿ.

ಅನ್ನಕ್ಕೆ ಬೆಲೆಯಿರಲಿಲ್ಲ ನಿಜ. ಆದರೆ ಸೇವೆ ಇತ್ತು. ಬಾವಿಯಿಂದ ನೀರು ಸೇದುವುದು, ಪೂಜೆಗೆ ಹೂವು ಬಿಡಿಸಿ ತರುವುದು, ಅಂಗಡಿಗೆ ಓಡುವುದು, ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು. ಸ್ನಾನ ಸಂಧ್ಯಾವಂದನೆ ಮುಗಿಸಿಯೇ ಬರಬೇಕು. ಮನೆಯವರ ಪಂಕ್ತಿ ಆದ ಮೇಲೆ ಕೂರಬೇಕು. ಉಂಡೆಲೆಯನ್ನು ತಾನೇ ತೆಗೆದು ಗೋಮೆ ಹಚ್ಚಬೇಕು. ಕೆಲವು ಮನೆಗಳಲ್ಲಿ ಗೃಹಿಣಿ ಸ್ವಂತ ಮಗನಿಗಿಂತ ಒಂದು ಹಿಡಿ ಹೆಚ್ಚೇ ಬಡಿಸುತ್ತಿದ್ದಳು. ಇನ್ನು ಕೆಲವು ಕಡೆ ಎರಡನೆಯ ಸಲ ಅನ್ನ ಕೇಳುವ ಧೈರ್ಯ ಹುಡುಗನಿಗೆ ಬರುತ್ತಿರಲಿಲ್ಲ.

ಇದು ಬೆಂಗಳೂರಿನದೇ ಪದ್ಧತಿಯೇನೂ ಅಲ್ಲ. ಮೈಸೂರು, ಧಾರವಾಡಗಳಲ್ಲೂ ಇತ್ತು. ಪುಣೆಯಲ್ಲಿ ಇದನ್ನು 'ವಾರ ಲಾವೂನ್ ಜೇವಣೆ' ಎನ್ನುತ್ತಿದ್ದರು. ಇನ್ನೂ ಅಚ್ಚರಿಯೆಂದರೆ, ಪೂರ್ವ ಯೂರೋಪಿನ ಯೆಹೂದಿಗಳಲ್ಲೂ ಇಂಥದೇ ರೂಢಿಯಿತ್ತು. ಧರ್ಮಶಾಸ್ತ್ರ ಕಲಿಯಲು ಪರಊರಿಗೆ ಬಂದ ಬಡ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದರು. ಅವರ ಯಿಡ್ಡಿಷ್ ಭಾಷೆಯಲ್ಲಿ ಅದಕ್ಕೆ 'ಎಸ್ಸನ್ ಟೆಗ್', ಅಂದರೆ 'ದಿನಗಳನ್ನು ಉಣ್ಣುವುದು' ಎಂದು ಹೆಸರು. ನಮ್ಮ ವಾರಾನ್ನಕ್ಕೆ ಇದಕ್ಕಿಂತ ಹತ್ತಿರದ ಅನುವಾದ ಸಿಗಲಾರದು. ವಿದ್ಯೆ ಒಂದು ಊರಿನಲ್ಲಿ, ಬಡತನ ಇನ್ನೊಂದು ಊರಿನಲ್ಲಿ ಇದ್ದಾಗ ಸಮಾಜಗಳು ಒಂದನ್ನೊಂದು ನೋಡದೆಯೇ ಒಂದೇ ಉಪಾಯವನ್ನು ಹೂಡುತ್ತವೆ.

ತಪ್ಪಿದ ವಾರ

ಈ ಉಪಾಯದ ಬಲಹೀನತೆ ಕಾಣುತ್ತಿದ್ದದ್ದು ವಾರ ತಪ್ಪಿದ ದಿನ. ಬುಧವಾರದ ಮನೆಯವರು ಮದುವೆಗೆಂದು ಊರಿಗೆ ಹೋದರು. ಗುರುವಾರದ ಮನೆಯಲ್ಲಿ ಸೂತಕ. ಶುಕ್ರವಾರದ ಯಜಮಾನರಿಗೆ ವರ್ಗವಾಯಿತು. ಹುಡುಗ ಮಧ್ಯಾಹ್ನ ಬಾಗಿಲ ಮುಂದೆ ನಿಂತ ಮೇಲಷ್ಟೇ ಬೀಗ ಕಾಣುವುದು. ಆ ಹೊತ್ತು ಇನ್ನೊಂದು ಮನೆಗೆ ಹೋಗುವಂತಿಲ್ಲ, ಅದು ಆ ಮನೆಯ ವಾರವಲ್ಲ. ನಲ್ಲಿಯ ನೀರು, ಕಾಸಿದ್ದರೆ ಒಂದಿಷ್ಟು ಕಡಲೇಪುರಿ, ದೇವಸ್ಥಾನದಲ್ಲಿ ಸಿಕ್ಕರೆ ಪ್ರಸಾದ. ವಿಚಿತ್ರವೆಂದರೆ, ಹಬ್ಬ ಬಂತೆಂದರೆ ಅದೇ ಹುಡುಗನಿಗೆ ಒಂದೇ ದಿನ ಮೂರು ಮನೆಯಿಂದ ಕರೆ.

ಸಾಹಿತಿ ಎಸ್.ಎಲ್. ಭೈರಪ್ಪನವರು ತಮ್ಮ ಆತ್ಮಕಥೆ 'ಭಿತ್ತಿ'ಯಲ್ಲಿ ವಾರಾನ್ನದ ಮತ್ತು ಹಸಿವಿನ ಆ ದಿನಗಳನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅಂಥ ಬರಹಗಳನ್ನು ಓದಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಹಸಿವು ಎಂದರೆ ಹೊಟ್ಟೆ ಖಾಲಿಯಾಗಿರುವುದಷ್ಟೇ ಅಲ್ಲ, ನಾಳೆ ಉಂಟೋ ಇಲ್ಲವೋ ಎಂಬ ಅಂಜಿಕೆಯೂ ಹಸಿವೇ.

ಇಂದಿನ ತಜ್ಞರು ಹೇಳುವುದೂ ಇದನ್ನೇ. 1996ರಲ್ಲಿ ರೋಮ್ ನಗರದಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆ ಆಹಾರ ಭದ್ರತೆಗೆ ಒಂದು ವ್ಯಾಖ್ಯೆ ಕೊಟ್ಟಿತು. ಅದರ ತಾತ್ಪರ್ಯವಿಷ್ಟು: ಎಲ್ಲ ಜನರಿಗೂ, ಎಲ್ಲ ಕಾಲದಲ್ಲೂ, ಸಾಕಷ್ಟು ಪೌಷ್ಟಿಕ ಆಹಾರ ಕೈಗೆಟುಕಬೇಕು. ಇಲ್ಲಿ 'ಎಲ್ಲ ಜನರಿಗೂ', 'ಎಲ್ಲ ಕಾಲದಲ್ಲೂ' ಎಂಬ ಎರಡು ಮಾತುಗಳೇ ಮುಖ್ಯ. ವಾರಾನ್ನ ಸೋತದ್ದು ಈ ಎರಡರಲ್ಲಿಯೇ. ತಪ್ಪಿದ ವಾರದಲ್ಲಿ ಎರಡನೆಯದು ತಪ್ಪುತ್ತಿತ್ತು. ಮೊದಲನೆಯದರ ಕಥೆಗೆ ಮುಂದೆ ಬರೋಣ.

ಅನ್ನವಿಟ್ಟ ಮನೆಯ ಅಡುಗೆಮನೆ

ಅನ್ನವಿಟ್ಟ ಮನೆಗಳೆಲ್ಲ ಶ್ರೀಮಂತರದೆಂದು ಭಾವಿಸಬೇಕಾಗಿಲ್ಲ. ತಿಂಗಳ ಸಂಬಳದ ಗುಮಾಸ್ತರ ಮನೆಗಳೂ ಇದ್ದವು. ಬೆಂಗಳೂರಿನ ವಠಾರಗಳಲ್ಲಿ ಬದುಕಿದವರಿಗೆ ತಿಂಗಳ ಕೊನೆಯ ವಾರ ಎಂದರೇನೆಂದು ಗೊತ್ತು. ಹುಳಿ ಹೋಗಿ ಸಾರು ಬರುತ್ತದೆ, ಸಾರು ತಿಳಿಯಾಗುತ್ತದೆ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆಯೋ ಕಾಫಿಪುಡಿಯೋ ಕಡ ಬರುತ್ತದೆ. ಶೆಟ್ಟರ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಸಾಲು ಏರುತ್ತದೆ. ಅತಿಥಿ ಬಂದರೆ ಸಾರಿಗೆ ಒಂದು ಚೊಂಬು ನೀರು ಸೇರುತ್ತದೆ. ಇದಾವುದನ್ನೂ ಯಾರೂ 'ಹಸಿವು' ಎಂದು ಕರೆಯುತ್ತಿರಲಿಲ್ಲ, ಮರ್ಯಾದೆಯ ಪ್ರಶ್ನೆ.

ಕೊರತೆಯ ಭಾರ ಮನೆಯೊಳಗೆ ಎಲ್ಲರ ಮೇಲೂ ಸಮವಾಗಿ ಬೀಳುತ್ತಿರಲಿಲ್ಲ. ಮೊದಲು ಗಂಡಸರ ಪಂಕ್ತಿ, ಆಮೇಲೆ ಮಕ್ಕಳು, ಆಮೇಲೆ ವಾರದ ಹುಡುಗ, ಕೊನೆಗೆ ಹೆಂಗಸರು. ಪಾತ್ರೆಯ ತಳ ಕಂಡಾಗ ಕೂರುತ್ತಿದ್ದವಳು ಬಡಿಸಿದವಳೇ. 'ಇವತ್ತು ನನಗೆ ಒಪ್ಪತ್ತು' ಎಂಬ ಮಾತಿನ ಹಿಂದೆ ಎಷ್ಟು ಸಲ ವ್ರತವಿತ್ತೋ, ಎಷ್ಟು ಸಲ ಖಾಲಿ ಪಾತ್ರೆಯಿತ್ತೋ ಅವರೇ ಬಲ್ಲರು. ವಾರಾನ್ನದ ಪುಣ್ಯ ಯಜಮಾನರ ಹೆಸರಿಗೆ ಹೋಯಿತು. ಆ ಅನ್ನದ ಒಂದು ಪಾಲು ಮಾತ್ರ ಹೆಂಗಸಿನ ಎಲೆಯಿಂದ ಬಂದದ್ದು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇಂದು ಮನೆಮನೆಯ ಆಹಾರ ಅಭದ್ರತೆಯನ್ನು ಅಳೆಯಲು ಎಂಟು ಪ್ರಶ್ನೆಗಳನ್ನು ಕೇಳುತ್ತದೆ. ಹಣವಿಲ್ಲದೆ ಊಟ ಸಾಲದೇ ಹೋದೀತೆಂದು ಚಿಂತೆಪಟ್ಟಿರಾ ಎಂಬುದು ಮೊದಲನೆಯದು. ಒಂದೆರಡು ಬಗೆಯ ಪದಾರ್ಥದಲ್ಲೇ ದಿನ ತಳ್ಳಿದಿರಾ, ಒಂದು ಹೊತ್ತು ಬಿಟ್ಟಿರಾ, ಬೇಕಾದುದಕ್ಕಿಂತ ಕಡಿಮೆ ಉಂಡಿರಾ ಎಂದು ಮುಂದುವರಿದು, ಇಡೀ ದಿನ ಉಪವಾಸವಿದ್ದಿರಾ ಎಂಬಲ್ಲಿಗೆ ಪಟ್ಟಿ ಮುಗಿಯುತ್ತದೆ. ಚಿಂತೆಯಿಂದ ಹೊರಟು ಉಪವಾಸಕ್ಕೆ ಬಂದು ನಿಲ್ಲುವ ಈ ಮೆಟ್ಟಿಲುಗಳನ್ನು ವಠಾರದ ಗೃಹಿಣಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ತೆರೆಯದ ಬಾಗಿಲು

ಇನ್ನು 'ಎಲ್ಲ ಜನರಿಗೂ' ಎಂಬ ಮಾತಿಗೆ ಬರೋಣ. ವಾರಾನ್ನದ ಬಾಗಿಲು ತೆರೆಯುತ್ತಿದ್ದದ್ದು ಜಾತಿ ಕೇಳಿದ ಮೇಲೆ. ಅದು ಬಹುಮಟ್ಟಿಗೆ ಬ್ರಾಹ್ಮಣ ಮನೆಗಳಲ್ಲಿ ಬ್ರಾಹ್ಮಣ ಹುಡುಗರಿಗೆ ದೊರೆಯುತ್ತಿದ್ದ ಅನುಕೂಲ. ಅದರಲ್ಲೂ ಒಳಪಂಗಡ ನೋಡುವವರಿದ್ದರು. ಹುಡುಗಿಯರಿಗೆ ಈ ಏರ್ಪಾಡಿನಲ್ಲಿ ಸ್ಥಾನವೇ ಇರಲಿಲ್ಲ. ಅಷ್ಟೇ ಬಡವನಾದ, ಅಷ್ಟೇ ಬುದ್ಧಿವಂತನಾದ ಒಕ್ಕಲಿಗರ ಹುಡುಗನೋ ಕುರುಬರ ಹುಡುಗನೋ ದಲಿತರ ಹುಡುಗನೋ ಅದೇ ಬೀದಿಯಲ್ಲಿ ನಿಂತರೆ ಅವನಿಗೆ ಏಳು ಬಾಗಿಲಿರಲಿ, ಒಂದು ಬಾಗಿಲೂ ಇರಲಿಲ್ಲ. ಅನ್ನ ಕೊಟ್ಟವರ ಒಳ್ಳೆಯತನ ಸುಳ್ಳಲ್ಲ. ಅದು ಎಷ್ಟು ದೂರ ಹೋಗುತ್ತಿತ್ತು ಎಂಬುದಕ್ಕೆ ಒಂದು ಗೆರೆ ಇತ್ತು, ಅಷ್ಟೆ.

ಈ ಗೆರೆಯನ್ನು ದಾಟಿಸಿದ್ದು ಹಾಸ್ಟೆಲುಗಳು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದ್ದಲ್ಲದೆ ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ನಡೆಸಿತು. ಒಂದೊಂದೇ ಸಮುದಾಯ ತನ್ನ ಹುಡುಗರಿಗಾಗಿ ನಿಲಯ ತೆರೆಯಿತು. 1918ರಲ್ಲಿ ಮೈಸೂರು ಸರ್ಕಾರ ನೇಮಿಸಿದ ಲೆಸ್ಲಿ ಮಿಲ್ಲರ್ ಸಮಿತಿ ಹಿಂದುಳಿದ ವರ್ಗಗಳಿಗೆ ನೌಕರಿಯಲ್ಲಿ ಪಾಲು ಕೊಡಬೇಕೆಂದು ಹೇಳಿದ್ದು ಎಲ್ಲರಿಗೂ ನೆನಪಿದೆ. ವಿದ್ಯಾರ್ಥಿವೇತನ, ಹಾಸ್ಟೆಲುಗಳ ವಿಷಯವನ್ನೂ ಅದು ಎತ್ತಿತ್ತೆಂಬುದು ಅಷ್ಟಾಗಿ ನೆನಪಿಲ್ಲ. ಊಟವಿಲ್ಲದೆ ಓದಿಲ್ಲ, ಓದಿಲ್ಲದೆ ನೌಕರಿಯಿಲ್ಲ ಎಂಬ ಸರಪಳಿ ಆಗಲೇ ಕಂಡಿತ್ತು.

ಮಲ್ಲೇಶ್ವರದ ಮಗ್ಗುಲಲ್ಲೇ ಶ್ರೀರಾಮಪುರವಿದೆ. ಮಾಗಡಿ ಕಡೆಯಿಂದ ಬಂದ ಬಡ ಕುಟುಂಬದ ಹುಡುಗನೊಬ್ಬ ಅಲ್ಲಿ ಬೆಳೆದು, ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿದ. ಆತನೇ ಮುಂದೆ ಕವಿ ಸಿದ್ಧಲಿಂಗಯ್ಯ (1954-2021). ಅವರ ಆತ್ಮಕಥೆಯ ಹೆಸರು 'ಊರುಕೇರಿ'. ಆ ಹಾಸ್ಟೆಲಿಗೂ ಮಲ್ಲೇಶ್ವರದ ಅಗ್ರಹಾರದಂಥ ಬೀದಿಗಳಿಗೂ ಇದ್ದ ದೂರವನ್ನು ಮೈಲಿಯಲ್ಲಿ ಅಳೆಯಬಾರದು. ಹಾಸ್ಟೆಲಿನ ಅನ್ನ ಮನೆಯ ಊಟದಷ್ಟು ರುಚಿಯಾಗಿರದೇ ಇರಬಹುದು. ಆದರೆ ಅಲ್ಲಿ ವಾರ ತಪ್ಪುತ್ತಿರಲಿಲ್ಲ, ಯಾರ ಮುಖ ನೋಡಿಯೂ ಉಣ್ಣಬೇಕಾಗಿರಲಿಲ್ಲ.

ಧಾನ್ಯವಿದ್ದರೂ ಹಸಿವು

ವಾರಾನ್ನಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು ಎರಡನೆಯ ಮಹಾಯುದ್ಧ. 1942ರಲ್ಲಿ ಬರ್ಮಾ ಜಪಾನೀಯರ ಕೈಗೆ ಹೋಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಪಡಿತರ ಬಂತು, ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದ ಸಾಲು ಬಂತು. ಇಂದು ಲಾಲ್‌ಬಾಗ್ ರಸ್ತೆಯಲ್ಲಿರುವ ಎಂ.ಟಿ.ಆರ್. ಹೋಟೆಲಿನವರು ರವೆ ಇಡ್ಲಿ ಹುಟ್ಟಿದ್ದು ಆ ಅಕ್ಕಿಯ ಅಭಾವದಲ್ಲೇ ಎಂದು ಹೇಳುತ್ತಾರೆ. ಹೋಟೆಲಿನವರಿಗೆ ಅಕ್ಕಿಯ ಬದಲು ರವೆ ಹೊಳೆಯಿತು. ತಲೆಯೆಣಿಸಿ ಅಕ್ಕಿ ತರುವ ಗೃಹಿಣಿ ಏನು ಮಾಡಬೇಕು? ಚೀಟಿಯಲ್ಲಿ ವಾರದ ಹುಡುಗನ ತಲೆ ಲೆಕ್ಕಕ್ಕೆ ಬರುವುದಿಲ್ಲ. ಯುದ್ಧ ಮುಗಿದ ಮೇಲೂ ಬೆಲೆಗಳು ಇಳಿಯಲಿಲ್ಲ, ಅವಿಭಕ್ತ ಕುಟುಂಬಗಳು ಒಡೆದವು, ಹಾಸ್ಟೆಲುಗಳು ಹೆಚ್ಚಿದವು. ವಾರಾನ್ನ ಸದ್ದಿಲ್ಲದೆ ಕರಗಿಹೋಯಿತು.

ಅದೇ ಯುದ್ಧಕಾಲದಲ್ಲಿ, 1943ರಲ್ಲಿ, ಬಂಗಾಳದಲ್ಲಿ ಇಪ್ಪತ್ತರಿಂದ ಮೂವತ್ತು ಲಕ್ಷ ಜನ ಕ್ಷಾಮಕ್ಕೆ ಬಲಿಯಾದರು. ಅದನ್ನು ಬಾಲಕನಾಗಿ ಕಣ್ಣಾರೆ ಕಂಡ ಅಮರ್ತ್ಯ ಸೇನ್ 1981ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಮುಖ್ಯ ಮಾತನ್ನು ಸ್ಥಾಪಿಸಿದರು. ಜನ ಸಾಯುವುದು ದೇಶದಲ್ಲಿ ಧಾನ್ಯ ಇಲ್ಲದಿದ್ದಾಗ ಮಾತ್ರವಲ್ಲ, ಇದ್ದ ಧಾನ್ಯವನ್ನು ಪಡೆಯುವ ದಾರಿ ಅವರಿಗೆ ಮುಚ್ಚಿಹೋದಾಗ. ಕೂಲಿ ನಿಂತಿತು, ಬೆಲೆ ಏರಿತು, ಮಂಡಿಯಲ್ಲಿ ಅಕ್ಕಿ ಇದ್ದರೂ ಇಲ್ಲದಂತಾಯಿತು.

ನಮ್ಮ ನಾಡಿಗೆ ಈ ಪಾಠ ಇನ್ನೂ ಮೊದಲೇ ಆಗಿತ್ತು. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ನುಚ್ಚುನೂರಾಯಿತು. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಜನ 1881ರಲ್ಲಿ 41.9 ಲಕ್ಷಕ್ಕೆ ಇಳಿದಿದ್ದರು. ಮಳೆ ಕೈಕೊಟ್ಟದ್ದು ನಿಜ. ಆದರೆ ಅದೇ ವರ್ಷಗಳಲ್ಲಿ ಭಾರತದಿಂದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಬೆಂಗಳೂರು-ಮೈಸೂರು ರೈಲುಹಾದಿಯ ಕೆಲಸಕ್ಕೆ ಕ್ಷಾಮ ಪರಿಹಾರದ ಕೂಲಿಗಾಗಿ ಬಂದ ಜನ ಮಣ್ಣು ಹೊತ್ತಿದ್ದಾರೆ. ಆ ಹಾದಿಯಲ್ಲಿ ಇಂದು ಸುಖವಾಗಿ ಪ್ರಯಾಣಿಸುವ ನಮಗೆ ಇದು ನೆನಪಿದ್ದರೆ ಒಳ್ಳೆಯದು.

ದಾನದಿಂದ ಹಕ್ಕಿನತ್ತ

ಮನೆಯ ಬಾಗಿಲು, ಮಠದ ದಾಸೋಹ, ಸಮುದಾಯದ ಹಾಸ್ಟೆಲು, ಇವೆಲ್ಲ ಕೊಡುವವರ ಮನಸ್ಸನ್ನು ಅವಲಂಬಿಸಿದವು. ಕೊಡಲೇಬೇಕಾದ್ದು ಎಂಬ ಮಾತು ಬಂದದ್ದು ತಡವಾಗಿ. 1956ರಲ್ಲಿ ಕಾಮರಾಜರು ಮದ್ರಾಸ್ ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಆರಂಭಿಸಿದರು. 2001ರಲ್ಲಿ ಸರ್ಕಾರಿ ಗೋದಾಮುಗಳು ತುಂಬಿ ತುಳುಕುತ್ತಿದ್ದಾಗಲೇ ರಾಜಸ್ಥಾನದಲ್ಲಿ ಜನ ಬರದಿಂದ ಹಸಿದಿದ್ದರು. ಇದನ್ನು ಪ್ರಶ್ನಿಸಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು ಅದೇ ವರ್ಷದ ನವೆಂಬರ್ 28ರಂದು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 'ಅಕ್ಷರ ದಾಸೋಹ' 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ರಾಜ್ಯಕ್ಕೆಲ್ಲ ಹರಡಿತು. ಈ ಹೆಸರಿನಲ್ಲೇ ಓದು ಮತ್ತು ಅನ್ನ ಜೊತೆಯಾಗಿವೆ. ವಾರದ ಹುಡುಗ ಮನೆಮನೆ ಅಲೆದು ಕೂಡಿಸಿಕೊಳ್ಳುತ್ತಿದ್ದದ್ದು ಈಗ ಶಾಲೆಯ ಗಂಟೆಯ ಜೊತೆಗೇ ಬರುತ್ತದೆ. ಜಾತಿ ಕೇಳದೆ, ಹುಡುಗ ಹುಡುಗಿ ಎನ್ನದೆ ಬರುತ್ತದೆ.

2013ರ ಜುಲೈನಲ್ಲಿ ಕರ್ನಾಟಕದಲ್ಲಿ ಅನ್ನಭಾಗ್ಯ ಬಂತು. ಅದೇ ವರ್ಷ ಸಂಸತ್ತು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯನ್ನು ಅಂಗೀಕರಿಸಿತು. ಈ ಕಾಯ್ದೆಯಲ್ಲಿ ಒಂದು ಅಂಶ ಗಮನಿಸತಕ್ಕದ್ದು. ಪಡಿತರ ಚೀಟಿಯ ಮಟ್ಟಿಗೆ ಮನೆಯ ಯಜಮಾನತಿ ಹದಿನೆಂಟು ತುಂಬಿದ ಹಿರಿಯ ಹೆಂಗಸು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುತ್ತಿದ್ದವಳ ಹೆಸರು ಕಡೆಗೂ ಚೀಟಿಯ ಮೊದಲ ಸಾಲಿಗೆ ಬಂತು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದವು. ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಅಲ್ಲಿ ಕಾಗದ ತೋರಿಸಬೇಕಾಗಿಲ್ಲ, ಊರು ಹೇಳಬೇಕಾಗಿಲ್ಲ.

ಹಾಗಾದರೆ ತಪ್ಪಿದ ವಾರಗಳು ಮುಗಿದವೇ? ಹಾಗೆ ಹೇಳುವಂತಿಲ್ಲ. ಕಾಯ್ದೆ ನಗರವಾಸಿಗಳಲ್ಲಿ ಗರಿಷ್ಠ ಅರ್ಧದಷ್ಟು ಜನರನ್ನು ಮಾತ್ರ ಒಳಗೊಳ್ಳುತ್ತದೆ. ಬಾಡಿಗೆ ಮನೆ ಬದಲಾದಂತೆ ಚೀಟಿಯ ವಿಳಾಸ ತಪ್ಪುತ್ತದೆ, ಯಂತ್ರಕ್ಕೆ ಬೆರಳಿನ ಗುರುತು ಹತ್ತದಿದ್ದರೆ ಇನ್ನೊಂದು ದಿನ ಬರಬೇಕಾಗುತ್ತದೆ. ಶಾಲೆಗೆ ರಜೆ ಬಂದರೆ ಊಟಕ್ಕೂ ರಜೆ. 2020ರ ಮಾರ್ಚಿನಲ್ಲಿ ಕೋವಿಡ್ ಲಾಕ್‌ಡೌನ್ ಬಂದಾಗ ಶಾಲೆ, ಕೂಲಿ, ಹೋಟೆಲು ಎಲ್ಲ ಬಾಗಿಲು ಹಾಕಿದವು. ನಗರವನ್ನು ಕಟ್ಟುತ್ತಿದ್ದ ವಲಸೆ ಕೂಲಿಗಾರರು ಚೀಲ ಹೊತ್ತು ಊರಿನತ್ತ ನಡೆದರು. ಹಿಂದೆ ಹುಡುಗರು ಅನ್ನ ಮತ್ತು ಅಕ್ಷರ ಹುಡುಕಿಕೊಂಡು ಬೆಂಗಳೂರಿಗೆ ನಡೆದು ಬಂದಿದ್ದರೆ, ಇವರು ಅನ್ನ ಸಿಗದೆ ಬೆಂಗಳೂರಿನಿಂದ ನಡೆದು ಹೋದರು.

ಬಸವನಗುಡಿಯ ಹಳೆಯ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗಿವೆ. ಅವುಗಳ ಅಡುಗೆಮನೆಯಲ್ಲಿ ಇನ್ನೊಬ್ಬರಿಗಾಗಿ ಬೇಯಿಸಿ ಬಡಿಸಿ ಹೋಗುವ ಹೆಂಗಸಿನ ಮನೆಯಲ್ಲಿ ತಿಂಗಳ ಕೊನೆಯ ವಾರ ಹೇಗಿರುತ್ತದೆಂದು ನಾವು ಕೇಳುವುದು ಅಪರೂಪ. ಅದೇ ಬೀದಿಯಲ್ಲಿ ಮಕ್ಕಳು ಪರದೇಶದಲ್ಲಿರುವ, ಅಡುಗೆ ಮಾಡಿಕೊಳ್ಳಲಾರದ ಒಂಟಿ ವೃದ್ಧರೂ ಇದ್ದಾರೆ. ಅವರಲ್ಲಿ ಹಣವಿದ್ದರೂ ಊಟ ಕೈಗೆಟುಕುವುದಿಲ್ಲ.

ವಾರಾನ್ನವನ್ನು ಹಾಡಿ ಹೊಗಳುವುದೂ ಬೇಡ, ಹಳಿಯುವುದೂ ಬೇಡ. ತನ್ನ ಕಾಲದಲ್ಲಿ ಅದು ಎಷ್ಟೋ ಹುಡುಗರನ್ನು ಉಳಿಸಿತು, ಓದಿಸಿತು. ಅದನ್ನು ಅಳೆಯಲು ನಾವು ಬಳಸುವ ಅಳತೆಗೋಲನ್ನೇ ನಮ್ಮ ಕಾಲದ ಏರ್ಪಾಡುಗಳಿಗೂ ಹಿಡಿದರೆ ಸಾಕು. ಬಾಗಿಲು ತೆರೆದ ದಿನ ಎಷ್ಟು ಜನ ಉಂಡರು ಎಂಬ ಲೆಕ್ಕ ಸುಲಭ. ಬೀಗ ಬಿದ್ದ ದಿನ ಬಾಗಿಲ ಮುಂದೆ ನಿಂತವನು ಎಲ್ಲಿಗೆ ಹೋದ ಎಂಬುದನ್ನೂ ಕೇಳಬೇಕು.